ನೋಡಿಕೊಂಡು ಬರುವುದು

ಹಾಲು ಉಕ್ಕಿ ಸ್ಟವ್ ಮೇಲೆಲ್ಲ ಹರಿದ ಮೇಲೇ ವಾಣಿಶ್ರೀಗೆ ತಾನು ಒಲೆಯ ಮುಂದೆ ನಿಂತಿರುವುದು ನೆನಪಾಯಿತು. ಬಟ್ಟೆ ಹುಡುಕಿದಳು, ಸಿಗಲಿಲ್ಲ. ಕೈಗೆ ಸಿಕ್ಕ ಹಳೆಯ ಪೇಪರಿನಿಂದ ಒರೆಸತೊಡಗಿದಳು, ಒರೆಸುತ್ತಲೇ ಮತ್ತೆ ಕಿಟಕಿಯಾಚೆ ನೋಡಿದಳು. ದಾಸವಾಳದ ಬೇಲಿಯ ಆ ಕಡೆ ವಿಶ್ವವಿದ್ಯಾಲಯದ ಅತಿಥಿಗೃಹ, ಅದರ ಮಹಡಿಯ ಮೂಲೆಯ ಕೋಣೆ, ಆ ಕೋಣೆಯ ಕಿಟಕಿ. ನಿನ್ನೆಯೆಲ್ಲ ಮುಚ್ಚಿದ್ದ ಕಿಟಕಿ ಇವತ್ತು ತೆರೆದಿತ್ತು. ತೆರೆದದ್ದು ಮಗಳು ಧನ್ಯಾಳೋ ಅವಳ ಜೊತೆಗಿರುವ ಸಬ್ರೀನೋ? ಧನ್ಯಾಳೇ ಆದರೆ ಎದ್ದು ನಡೆಯುವಷ್ಟು ಚೇತರಿಸಿಕೊಂಡಿದ್ದಾಳೆ ಎಂದಾಯಿತು. ಅಥವಾ ಒಳಗೆ ಉಸಿರು ಕಟ್ಟಿದಂತಾಗಿ ತೆರೆದಿರಬಹುದು. ಅರ್ಥಶಾಸ್ತ್ರ ಪಾಠ ಮಾಡುವ ತಾನು, ಇಷ್ಟು ಕಡಿಮೆ ಆಧಾರದ ಮೇಲೆ ಯಾವ ತೀರ್ಮಾನಕ್ಕೂ ಬರಬಾರದೆಂದು ಪ್ರತಿ ವರ್ಷ ಹುಡುಗರಿಗೆ ಹೇಳುವ ತಾನು, ಬೆಳಗಿನಿಂದ ಒಂದು ಕಿಟಕಿಯನ್ನು ಇಟ್ಟುಕೊಂಡು ಏನೆಲ್ಲ ಕಟ್ಟುತ್ತಿದ್ದೇನೆ ಎಂದು ಅವಳಿಗೆ ನಗು ಬಂತು. ಹೋಗಿ ನೋಡಿದರೆ ಮುಗಿಯಿತು. ಕಾಯಿಸಿದ ಹಾಲು ಆರುವುದರೊಳಗೆ ಹೋಗಿ ಬರಬಹುದಾದ ದೂರ. ತಡೆಯುವವರು ಯಾರೂ ಇಲ್ಲ, ತಡೆಯುವ ಅಧಿಕಾರವಿದ್ದದ್ದು ಅವಳೊಬ್ಬಳಿಗೇ. ಆದರೂ ಅವಳು ಹೋಗಿರಲಿಲ್ಲ. ಇವತ್ತೂ ಇಬ್ಬರಿಗಾಗುವಷ್ಟು ಹಾಲು ಕಾಯಿಸಿದ್ದೇನೆ ಎಂಬುದು ಲೋಟಕ್ಕೆ ಬಗ್ಗಿಸುವಾಗ ಗೊತ್ತಾಯಿತು.

ಮೊನ್ನೆ ಸಂಜೆ ಧನ್ಯಾಳ ಹಣೆ ಮುಟ್ಟಿ ನೋಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಮೊದಲೇ ವಾಣಿಶ್ರೀ, “ಬ್ಯಾಗ್ ತುಂಬ್ಕೋ,” ಎಂದಿದ್ದಳು. ಧನ್ಯಾ ತಮಾಷೆಯೆಂದುಕೊಂಡು ನಕ್ಕಳು.

“ಎಲ್ಲಿಗೆ?”

“ಗೆಸ್ಟ್ ಹೌಸಿಗೆ. ಜ್ವರ ಬಂದೋರೆಲ್ಲ ಅಲ್ಲೇ ಇರೋದು ಅಲ್ವಾ?”

“ಅಮ್ಮಾ, ನಂಗೆ ಮನೆ ಇದೆ. ಇದೇ ಮನೆ. ಇದೂ ಕ್ಯಾಂಪಸ್ಸಲ್ಲೇ ಇದೆ.”

“ಸಬ್ರೀನ್‌ಗೂ ಮನೆ ಇತ್ತು. ಬೆಳಿಗ್ಗೆ ಅವ್ರಮ್ಮ ಕರ್ಕೊಂಡು ಹೋಗಕ್ಕೆ ಬಂದಾಗ ನಾನು ಬಿಡ್ಲಿಲ್ಲ.”

ಧನ್ಯಾ ಬಟ್ಟೆ ತುಂಬಿಕೊಂಡಳು. ಚಾರ್ಜರ್ ಹುಡುಕಿದಳು, ಹೊದಿಕೆ ಮಡಚಿದಳು, ಮಧ್ಯೆ ಮಧ್ಯೆ ಗೋಡೆ ಹಿಡಿದು ಕೆಮ್ಮಿದಳು. ಆ ಕೆಮ್ಮು ಬಂದಾಗಲೆಲ್ಲ ವಾಣಿಶ್ರೀಗೆ ಬೇಡ, ಇರು, ಮಲಗು ಎನ್ನಬೇಕೆನ್ನಿಸಿತು, ಆದರೆ ಬಾಯಿಗೆ ಬಂದದ್ದು “ಫ್ಲಾಸ್ಕ್ ತಗೊಂಡ್ಯಾ?” ಎಂಬ ಮಾತು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ಧನ್ಯಾ ತಿರುಗದೆಯೇ, “ನೀನು ಒಳ್ಳೆಯವಳು ಅನ್ನಿಸ್ಕೊಳ್ಳಕ್ಕೆ ನನ್ನ ಕಳಿಸ್ತಾ ಇದೀಯ. ಇರ್ಲಿ,” ಎಂದಳು. ಹೇಳಿದ ಮಾತಿಗಿಂತ ಕೊನೆಯ ಆ ‘ಇರ್ಲಿ’ ವಾಣಿಶ್ರೀಯನ್ನು ಚುಚ್ಚಿತು. ಜಗಳವಾಡಿದ್ದರೆ ಗೆಲ್ಲಬಹುದಿತ್ತು. ಮನೆಗೆ ಬಂದ ದೂರದ ನೆಂಟರು ಊಟ ಸರಿಯಿಲ್ಲದಿದ್ದರೂ ಇರಲಿ ಎನ್ನುವಂತೆ ಮಗಳು ತನ್ನನ್ನು ಬಿಟ್ಟುಕೊಟ್ಟು ಹೋಗಿದ್ದಳು. ಆಮೇಲೆ ಫೋನ್ ಮಾಡಿದರೆ ಎತ್ತಲಿಲ್ಲ. ಹೇಗಿದ್ದೀಯ ಎಂದು ಮೆಸೇಜ್ ಹಾಕಿದರೆ ಹೆಬ್ಬೆರಳಿನ ಚಿತ್ರವೊಂದು ಬರುತ್ತಿತ್ತು.

ಈ ಸೀಮೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಅದು ಅವರೊಬ್ಬರ ಆಸ್ತಿಯಲ್ಲ. ಸುದ್ದಿ ಕಿವಿಗೆ ಬಿದ್ದ ಪ್ರತಿಯೊಬ್ಬರೂ ಬಂದು ನೋಡಿಕೊಂಡು ಹೋಗಬೇಕು. ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ, ಸ್ವಲ್ಪ ಅನುಕೂಲಸ್ಥರಾದರೆ ಗ್ಲೂಕೋಸಿನ ಡಬ್ಬ. ಬಂದವರು ಮಂಚದ ಮೇಲೇ ಕೂರಬೇಕು, ಹಣೆ ಮುಟ್ಟಬೇಕು, ಇಳಿದುಹೋಗಿದ್ದೀಯಲ್ಲೋ ಎನ್ನಬೇಕು, ತಮ್ಮ ಕಡೆಯವರಿಗೆ ಇದೇ ಜ್ವರ ಬಂದು ಏನಾಯಿತು ಎಂಬುದನ್ನು ಸವಿಸ್ತಾರವಾಗಿ ಹೇಳಬೇಕು. ನೋಡಲು ಬಾರದವರ ಹೆಸರು ಮಾತ್ರ ಜ್ವರ ಬಿಟ್ಟ ಎಷ್ಟೋ ವರ್ಷಗಳ ಮೇಲೂ ಮದುವೆಮನೆಯ ಪಂಕ್ತಿಯಲ್ಲಿ ಏಳುತ್ತದೆ. ಶಿಕಾರಿಪುರದ ಹೊರಗೆ, ಶಿರಾಳಕೊಪ್ಪದ ರಸ್ತೆಯ ಪಕ್ಕ ಇರುವ ಈ ಸ್ನಾತಕೋತ್ತರ ಕೇಂದ್ರವೂ ಎಷ್ಟೆಂದರೂ ಇದೇ ಸೀಮೆಯದು. ಹಾಸ್ಟೆಲಿನಲ್ಲಿ ಗುಡವಿ ಕಡೆಯ ಒಬ್ಬಳಿಗೆ ಮೊದಲು ಜ್ವರ ಬಂದಾಗ, ಪಕ್ಷಿಧಾಮದ ಊರಲ್ಲವೇ, ಹಕ್ಕಿಜ್ವರವೇ ಇರಬೇಕೆಂದು ಯಾರೋ ಪುಕಾರು ಎಬ್ಬಿಸಿದರು. ತಾಲ್ಲೂಕು ಆಸ್ಪತ್ರೆಯಿಂದ ಬಂದ ಡಾಕ್ಟರಮ್ಮ ನಕ್ಕು, ಪರೀಕ್ಷೆ ಮಾಡಿಸಿ, ಇದು ಪ್ರತಿ ವರ್ಷ ಬರುವ ಫ್ಲೂ, ಹಕ್ಕಿಗಳ ತಪ್ಪಿಲ್ಲ, ಆದರೆ ಬೇಗ ಹರಡುತ್ತದೆ, ಜ್ವರ ಬಂದವರನ್ನು ಬೇರೆ ಇಡಿ, ಬಸ್ಸು ಹತ್ತಿಸಿ ಊರಿಗೆ ಕಳಿಸಬೇಡಿ, ಅಲ್ಲಿ ಮುದುಕರು ಮಕ್ಕಳು ಇರುತ್ತಾರೆ ಎಂದು ಹೇಳಿ ಹೋದರು. ವಿಶ್ವವಿದ್ಯಾಲಯ ಚುರುಕಾಗಿಯೇ ಕೆಲಸ ಮಾಡಿತು. ಸಭೆ ನಡೆಯಿತು, ಚಹಾ ಬಂತು, ಅತಿಥಿಗೃಹ ಖಾಲಿಯಾಯಿತು, ಕೆಳಗೆ ಹುಡುಗರು ಮೇಲೆ ಹುಡುಗಿಯರು ಎಂದಾಯಿತು, ಕೊರೊನಾ ಕಾಲದಲ್ಲಿ ಉಳಿದಿದ್ದ ಮಾಸ್ಕಿನ ಪೆಟ್ಟಿಗೆಗಳು ಉಗ್ರಾಣದಿಂದ ಹೊರಬಂದವು, ಒಬ್ಬ ನರ್ಸ್ ನೇಮಕವಾದಳು. ಎಲ್ಲ ಮುಗಿದ ಮೇಲೆ ನಿರ್ದೇಶಕ ನಾಗರಾಜಪ್ಪನವರು ಎದ್ದು ನಿಂತು, “ಸರಿ, ಹೋಗಿ ಮಕ್ಕಳನ್ನ ನೋಡ್ಕೊಂಡು ಬರೋಣ ನಡೀರಿ,” ಎಂದರು.

ಹೊರಟೇಬಿಟ್ಟರು. ಎಲ್ಲ ವಿಭಾಗಗಳ ಮುಖ್ಯಸ್ಥರು, ಗ್ರಂಥಪಾಲಕರು, ಕಚೇರಿಯ ಅಧೀಕ್ಷಕರು, ಕೈಯಲ್ಲಿ ಬ್ರೆಡ್ಡು. ಕೋಣೆ ಕೋಣೆಗೆ ಹೋಗಿ, ಮಂಚದ ಮೇಲೆ ಕೂತು, ಹಣೆ ಮುಟ್ಟಿ, ಸೆಕೆಯಾಗುತ್ತದೆಂದು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಧೈರ್ಯ ಹೇಳಿದರು. ಅವರ ಹಿಂದೆ ಸಹಪಾಠಿಗಳು ತಂಡ ತಂಡವಾಗಿ ಬಂದರು. ಉಡುತಡಿಯಿಂದ ಒಬ್ಬ ಹುಡುಗನ ನೆಂಟರು ಟೆಂಪೋ ಮಾಡಿಕೊಂಡು ಬಂದರು. ವಾಣಿಶ್ರೀಯೂ ಹೋಗಿದ್ದಳು, ಅವಳೂ ಬ್ರೆಡ್ಡು ಹಿಡಿದಿದ್ದಳು. ಏನೋ ಸರಿಯಿಲ್ಲವೆಂದು ಅವಳಿಗೆ ಆಗಲೇ ಅನ್ನಿಸಿತ್ತು, ಆದರೆ ಎಲ್ಲರೂ ಒಳಗೆ ಹೋಗುವಾಗ ತಾನೊಬ್ಬಳು ಬಾಗಿಲಲ್ಲಿ ನಿಂತರೆ ಏನೆಂದುಕೊಳ್ಳುತ್ತಾರೋ ಎಂದು ಹೋಗಿದ್ದಳು. ವಾರ ಕಳೆಯುವುದರೊಳಗೆ ಆ ಮೆರವಣಿಗೆಯಲ್ಲಿ ಬ್ರೆಡ್ಡು ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಹಾಸಿಗೆ ಹಿಡಿದರು. ನಾಗರಾಜಪ್ಪನವರು ತಾವೇ ಉದ್ಘಾಟಿಸಿದಂತಿದ್ದ ಅತಿಥಿಗೃಹದ ಕೆಳಗಿನ ಕೋಣೆಗೆ ಶಾಲು ಹೊದ್ದುಕೊಂಡು ಬಂದು ಸೇರಿದರು. ಜ್ವರ ಬಾರದೆ ಉಳಿದವರಲ್ಲಿ ಹಿರಿಯಳೆಂದು ಉಸ್ತುವಾರಿ ಮಹಿಳಾ ಹಾಸ್ಟೆಲಿನ ವಾರ್ಡನ್ ಆಗಿದ್ದ ವಾಣಿಶ್ರೀಯ ತಲೆಗೆ ಬಂತು. ಅವಳು ಮಾಡಿದ ಮೊದಲ ಕೆಲಸ ಗೇಟು ಮುಚ್ಚಿಸಿದ್ದು. ಯಾರೂ ಯಾರನ್ನೂ ನೋಡಿಕೊಂಡು ಹೋಗುವಂತಿಲ್ಲ. ಯಾರನ್ನೂ ಮನೆಗೆ ಕರೆದುಕೊಂಡು ಹೋಗುವಂತಿಲ್ಲ. ಆದೇಶಕ್ಕೆ ಸಹಿ ಹಾಕುವಾಗ ಅವಳಿಗೆ ಒಂದು ಬಗೆಯ ಖುಷಿಯೇ ಆಗಿತ್ತು, ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಕುಪ್ಪಗಡ್ಡೆಯಲ್ಲಿ ಚಿಕ್ಕವಳಿದ್ದಾಗ ಅವಳಿಗೆ ದಡಾರ ಎದ್ದಿತ್ತು. ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಸೊಪ್ಪು ಕಂಡರೆ ಒಂದು ನರಪಿಳ್ಳೆಯೂ ಒಳಗೆ ಬರುತ್ತಿರಲಿಲ್ಲ, ಅದೊಂದೇ ಕಾಯಿಲೆಗೆ ನೋಡಿಕೊಂಡು ಹೋಗುವ ಶಾಸ್ತ್ರದಿಂದ ವಿನಾಯಿತಿ. ಗೇಟಿಗೆ ಆದೇಶ ಅಂಟಿಸುವ ಬದಲು ಬೇವಿನ ಸೊಪ್ಪು ಕಟ್ಟಿದ್ದರೆ ಸಾಕಿತ್ತೇನೋ ಎಂದು ಯೋಚಿಸಿ ಅವಳು ಒಬ್ಬಳೇ ನಕ್ಕಳು. ನಗುವಾಗಲೇ ನೆನಪಿನ ಇನ್ನೊಂದು ತುದಿಯೂ ಬಂತು. ಒಳಗೆ ಯಾರೂ ಬರುತ್ತಿರಲಿಲ್ಲ ನಿಜ, ಆದರೆ ಅವಳ ಅವ್ವ ರಾಧಮ್ಮ ಒಳಗೇ ಇದ್ದಳು. ಕತ್ತಲೆ ಕೋಣೆಯಲ್ಲಿ ಗೋಡೆಗೊರಗಿ ಕೂತು, ತುರಿಕೆಯಾದಲ್ಲೆಲ್ಲ ಬೇವಿನ ಎಲೆ ಆಡಿಸುತ್ತ, ಯಾವುದೋ ಹಸುವಿನ ಕತೆ ಹೇಳುತ್ತ, ಕತೆ ಮುಗಿದರೆ ಮತ್ತೆ ಅದನ್ನೇ ಮೊದಲಿನಿಂದ ಹೇಳುತ್ತ. ಅವ್ವ ಆ ಕೋಣೆಯಿಂದ ಹೊರಗೆ ಹೋದದ್ದೇ ಅವಳಿಗೆ ನೆನಪಿಲ್ಲ. ಅವ್ವನಿಗೆ ಊರಿನ ಬೇರೆ ಮಕ್ಕಳ ಬಗ್ಗೆ, ಅವರ ತಾಯಂದಿರಿಗೆ ಅನ್ಯಾಯವಾಗುತ್ತದೆ ಎಂಬುದರ ಬಗ್ಗೆ ಯೋಚನೆಯಿದ್ದಿರಲಿಕ್ಕಿಲ್ಲ. ವಾಣಿಶ್ರೀ ಹಾಲಿನ ಲೋಟ ಅರ್ಧಕ್ಕೇ ಇಟ್ಟು ಮಾಸ್ಕ್ ಹಾಕಿಕೊಂಡು ಗೇಟಿನ ಕಡೆ ನಡೆದಳು.

ಗೇಟಿನ ಹತ್ತಿರ ಕಾವಲುಗಾರ ಸುಬ್ಬಪ್ಪನ ಮೇಜು ಬೇಕರಿಯಂತಾಗಿತ್ತು. ನೋಡಲು ಬಿಡದಿದ್ದರೇನು, ಬಂದದ್ದಕ್ಕೆ ಗುರುತು ಬೇಡವೇ? ಜನ ಬ್ರೆಡ್ಡು ಇಟ್ಟು, ಇಂಥವರು ಬಂದಿದ್ದರು ಎಂದು ಹೇಳಿ ಎಂದು ಸುಬ್ಬಪ್ಪನಿಗೆ ಒಪ್ಪಿಸಿ ಹೋಗುತ್ತಿದ್ದರು.

“ಬಂದೋರು ಎಲ್ಲಾ ಬ್ರೆಡ್ಡೇ ತರ್ತಾರಲ್ರೀ ಮೇಡಮ್ಮೋರೆ,” ಎಂದ ಸುಬ್ಬಪ್ಪ. “ಒಳಗಿನ ಹುಡುಗ್ರು ಬ್ಯಾಡ ಅಂತಾವೆ. ನಮ್ಮನೇಲಿ ದನಕ್ಕೂ ಇದೇ ಆಗೇತಿ.”

ಗೇಟಿನಾಚೆ ಹೊಂಗೆ ಮರದ ನೆರಳಿನಲ್ಲಿ ನೂರುನ್ನೀಸಾ ಕೂತಿದ್ದಳು. ಸಬ್ರೀನ್‌ಳ ತಾಯಿ, ಬಸ್ ಸ್ಟ್ಯಾಂಡಿನ ಹಿಂದೆ ಹಾಸಿಗೆ ಹೊಲಿಯುವ ಅಂಗಡಿ ಇಟ್ಟಿರುವ ವಲೀಸಾಬರ ಹೆಂಡತಿ. ದಿನಾ ಬೆಳಿಗ್ಗೆ ಗಂಜಿಯ ಕ್ಯಾನು ಹಿಡಿದು ಷೇರ್ ಆಟೋದಲ್ಲಿ ಬಂದು, ಕ್ಯಾನನ್ನು ಒಳಗೆ ಕಳಿಸಿ, ಅದು ಖಾಲಿಯಾಗಿ ಬರುವ ತನಕ ಕೂತಿದ್ದು ಹೋಗುತ್ತಿದ್ದಳು. ಮೊನ್ನೆ ಮಗಳನ್ನು ಕರೆದುಕೊಂಡು ಹೋಗಲು ಬಂದಾಗ ವಾಣಿಶ್ರೀ ಅವಳೊಂದಿಗೆ ಬಹಳ ಹೊತ್ತು ಮಾತಾಡಿದ್ದಳು. ಮನೆಯಲ್ಲಿ ಹಿರಿಯ ಮಗಳು ನಿಶಾತ್ ಬಾಣಂತಿ, ಹಸುಗೂಸು, ವಲೀಸಾಬರಿಗೆ ಹತ್ತಿಯ ಧೂಳಿನಿಂದ ಬಂದ ಉಬ್ಬಸ. ನೂರುನ್ನೀಸಾ ಎಲ್ಲಕ್ಕೂ ಹೂಂ ಎಂದು, ಕೊನೆಗೆ ಕಣ್ಣೊರೆಸಿಕೊಂಡು ಒಪ್ಪಿದ್ದಳು. ಆ ಕಣ್ಣನ್ನು ನೋಡಿದ ದಿನವೇ ಸಂಜೆ ಧನ್ಯಾಳಿಗೆ ಜ್ವರ ಬಂದಿತ್ತು. ಈ ಹೆಂಗಸಿನ ಮುಖ ಎದುರಿಗಿಟ್ಟುಕೊಂಡೇ ವಾಣಿಶ್ರೀ ಮಗಳನ್ನು ಕಳಿಸಿದ್ದು, ಕಳಿಸಿದ ಮೇಲೆ ತಾನೂ ಒಳಗೆ ಕಾಲಿಡದೆ ಇದ್ದದ್ದು. ಅದು ಯಾವತ್ತಾದರೂ ಈಕೆಗೆ ತಿಳಿಯುತ್ತದೆ, ತಿಳಿದಾಗ ಏನಾದರೂ ಅನ್ನುತ್ತಾಳೆ ಎಂಬ ಆಸೆಯೊಂದು ತನ್ನೊಳಗೆ ಎಲ್ಲೋ ಅಡಗಿ ಕೂತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ನೂರುನ್ನೀಸಾ ಎದ್ದು ಬಂದಳು. “ಹೆಂಗಿದಾಳ್ರೀ ಮೇಡಂ ನಮ್ಮ ಹುಡುಗಿ? ಫೋನಲ್ಲಿ ಚೆನ್ನಾಗಿದೀನಿ ಅಂತಾಳೆ. ಅವ್ಳು ಕಾಲು ಮುರ್ಕೊಂಡಾಗ್ಲೂ ಚೆನ್ನಾಗಿದೀನಿ ಅಂದೋಳು. ಮುಖ ಹೆಂಗೈತ್ರೀ? ಕಣ್ಣು ಒಳಗೆ ಹೋಗಿಲ್ಲ ತಾನೆ?”

“ಜ್ವರ ಇಳಿದಿದೆ ಅಂತ ನರ್ಸ್ ಹೇಳಿದ್ರು.”

“ನರ್ಸ್ ಬಿಡ್ರಿ. ನೀವು ನೋಡಿದ್ರಲ್ಲ, ನೀವು ಹೇಳ್ರಿ.”

“ನಾನು ನೋಡಿಲ್ಲಮ್ಮ.”

ನೂರುನ್ನೀಸಾ ಗೇಟಿನ ಸರಳು ಹಿಡಿದು ಅವಳನ್ನೇ ನೋಡಿದಳು. “ನಿಮ್ಮ ಮಗಳೂ ಅದೇ ರೂಮಲ್ಲಿ ಇದಾಳಂತಲ್ರೀ? ಸಬ್ರೀನ್ ಹೇಳಿದ್ಳು.”

“ಇದಾಳೆ. ಅವಳನ್ನೂ ನೋಡಿಲ್ಲ. ನೀವೆಲ್ಲ ಹೊರಗೆ ಇರುವಾಗ ನಾನೊಬ್ಬಳು ಒಳಗೆ ಹೋಗೋದು ಸರಿ ಅಲ್ಲ ಅಂತ.”

ಹೇಳಿಬಿಟ್ಟಿದ್ದಳು. ಹೇಳಿದ ಮೇಲೆ ಕಾದಳು, ಕಾಯುತ್ತಿದ್ದೇನೆಂದು ಅವಳಿಗೇ ಗೊತ್ತಾಗಿ ಕಿವಿ ಬಿಸಿಯಾಯಿತು. ನೂರುನ್ನೀಸಾಳ ಮುಖದಲ್ಲಿ ಮೊದಲು ಬಂದದ್ದು ಆಶ್ಚರ್ಯ, ಆಮೇಲೆ ಸಿಟ್ಟು.

“ಯಾಕ್ರೀ? ನೀವು ಹೋಗಿದ್ರೆ ನಾನು ಬ್ಯಾಡ ಅಂತಿದ್ನಾ? ನಾನು ಇಲ್ಲಿ ದಿನಾ ಕೂತ್ಕೊಂಡು ಏನ್ ಅನ್ಕೊಂಡಿದ್ದೆ ಹೇಳ್ಲಾ? ಮೇಡಂ ಇದಾರೆ, ಅವ್ರ ಮಗಳೂ ಅಲ್ಲೇ ಐತೆ, ಮಗಳ್ನ ನೋಡಕ್ಕೆ ಹೋದಾಗ ನಮ್ಮ ಹುಡುಗೀನೂ ನೋಡೇ ನೋಡ್ತಾರೆ, ಹೊದಿಕೆ ಸರಿ ಮಾಡ್ತಾರೆ ಅಂತ. ಅದೇ ಧೈರ್ಯದ ಮೇಲೆ ಮನೆಗೆ ಹೋಗಿ ಮಲಗ್ತಿದ್ದೆ. ಒಬ್ಬಳು ತಾಯಿ ನೋಡಿದ್ರೆ ನಾವೆಲ್ಲ ನೋಡಿದಂಗೇ ಅಲ್ವೇನ್ರೀ? ನೀವೂ ನೋಡಿಲ್ಲ ಅಂದ್ರೆ ಯಾರೂ ನೋಡಿಲ್ಲ ಅಂತಾಯ್ತಲ್ರೀ.”

ಸುಬ್ಬಪ್ಪ ಬ್ರೆಡ್ಡಿನ ಪೊಟ್ಟಣಗಳನ್ನು ವೃಥಾ ಆಚೀಚೆ ಜೋಡಿಸಿದ. ವಾಣಿಶ್ರೀ ಕೈ ಚಾಚಿದಳು. “ಕ್ಯಾನು ಕೊಡಿ, ಕಳಿಸ್ತೀನಿ,” ಎಂದಳು. ನೂರುನ್ನೀಸಾ ಕೊಟ್ಟಳು, ಕೊಡುವಾಗ ಮುಖ ನೋಡಲಿಲ್ಲ.

ಕ್ಯಾನನ್ನು ಒಳಗೆ ಕಳಿಸಿ ಅವಳು ಕಚೇರಿಗೆ ಬಂದು ಕೂತಳು. ಹೊರಗೆ ಖಾಲಿ ಕಾರಿಡಾರು, ತರಗತಿಗಳೆಲ್ಲ ಮೊಬೈಲಿನಲ್ಲಿ ನಡೆಯುತ್ತಿದ್ದವು, ಯಾರೋ ಉಪನ್ಯಾಸಕ ಪಕ್ಕದ ಕೋಣೆಯಲ್ಲಿ ಒಬ್ಬನೇ ಗಟ್ಟಿಯಾಗಿ ಕೇಳಿಸ್ತಿದೆಯಾ ಕೇಳಿಸ್ತಿದೆಯಾ ಎನ್ನುತ್ತಿದ್ದ. ಎಂಥ ವಿಚಿತ್ರ ಲೆಕ್ಕ ತನ್ನದು! ಇನ್ನೊಬ್ಬರಿಗೆ ಸಿಗದ್ದು ತನಗೂ ಬೇಡವೆಂದುಕೊಂಡರೆ ನ್ಯಾಯವಾಗುತ್ತದೆ ಎಂದು ಅಂದುಕೊಂಡಿದ್ದಳು. ಆ ನ್ಯಾಯದಿಂದ ನೂರುನ್ನೀಸಾಳಿಗೆ ಒಂದು ಹಿಡಿ ನೆಮ್ಮದಿ ಸಿಕ್ಕಿತೇ? ಇಲ್ಲ, ಇದ್ದದ್ದೂ ಹೋಯಿತು. ಧನ್ಯಾಳಿಗೆ ಸಿಕ್ಕಿತೇ? ಅವಳು ಮೊದಲ ದಿನವೇ ಹೇಳಿದ್ದಳು. ಹಾಗಾದರೆ ಎಲ್ಲ ಸೇರಿ ಸಿಕ್ಕಿದ್ದು ಯಾರಿಗೆ ಎಂದು ಕೇಳಿಕೊಂಡರೆ ಉತ್ತರ ಅವಳ ಕುರ್ಚಿಯಲ್ಲೇ ಕೂತಿತ್ತು. ಸಣ್ಣವಳಿದ್ದಾಗ ಶಾಲೆಯಲ್ಲಿ ಮೇಷ್ಟರು ಎಲ್ಲರಿಗೂ ಹೊಡೆಯುವಾಗ, ತಪ್ಪು ಮಾಡದಿದ್ದರೂ ಕೈ ಚಾಚುತ್ತಿದ್ದಳು, ಅವರು ನೀನು ಬೇಡಮ್ಮ ಎನ್ನಲಿ ಎಂದು. ಒಂದು ಸಲ ಅವರು ಗಮನಿಸದೆ ಹೊಡೆದೇಬಿಟ್ಟಿದ್ದರು. ಆ ಏಟಿನ ಉರಿಗಿಂತ ಗಮನಿಸಲಿಲ್ಲವಲ್ಲ ಎಂಬ ಉರಿಯೇ ಹೆಚ್ಚಾಗಿತ್ತು. ಇವತ್ತೂ ಹಾಗೇ. ನಾಚಿಕೆಯೆಂದರೆ ನಾಚಿಕೆ. ಆದರೆ ಆ ನಾಚಿಕೆಯ ತಳದಲ್ಲಿ ಒಂದು ಹಗುರವೂ ಇತ್ತು, ಕಾಲಿಗೆ ಬಿಗಿಯಾಗಿದ್ದ ಚಪ್ಪಲಿಯನ್ನು ಯಾರೋ ಎಳೆದು ತೆಗೆದಂತೆ. ಇನ್ನು ಒಳ್ಳೆಯವಳಾಗಿರುವ ಕೆಲಸವಿಲ್ಲ, ಮಾಡಬೇಕಾದದ್ದನ್ನು ಮಾಡಬಹುದು.

ಅಷ್ಟರಲ್ಲಿ ಸೊರಬದಿಂದ ಶಿವರಾಮನ ಫೋನು. ಅಲ್ಲಿ ಬೀಜ ಗೊಬ್ಬರದ ಅಂಗಡಿ ನಡೆಸುವ ಗಂಡ, ವಾರಕ್ಕೊಮ್ಮೆ ಬರುವವನು, ಈಗ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದ.

“ಎಂತ ಮಾಡ್ತಾ ಇದೀಯೆ ನೀನು ಅಲ್ಲಿ? ಕೂಸು ನನ್ನ ಹತ್ರನೂ ಸರಿಯಾಗಿ ಮಾತಾಡ್ತಿಲ್ಲ. ನಾನು ಸಂಜೆ ಬರ್ತೀನಿ. ನೋಡ್ದೆ ಹೋಗೋನಲ್ಲ.”

“ಬಾ,” ಎಂದಳು ವಾಣಿಶ್ರೀ.

ಜಗಳಕ್ಕೆ ಸಿದ್ಧನಾಗಿದ್ದವನ ದನಿ ಇಳಿಯಿತು. “ಬರ್ಲಾ? ಒಳಗೆ ಬಿಡ್ತೀಯಾ?”

“ಒಳಗೆ ಬಿಡಲ್ಲ. ಬಾ ಮಾರಾಯ, ಏನಾದ್ರೂ ಮಾಡ್ತೀನಿ.”

ಏನು ಮಾಡುತ್ತೇನೆಂದು ಹೇಳುವಾಗ ಅವಳಿಗೂ ಗೊತ್ತಿರಲಿಲ್ಲ. ಫೋನಿಟ್ಟು ಕಿಟಕಿಯಿಂದ ನೋಡಿದರೆ ಅತಿಥಿಗೃಹದ ತಾರಸಿಯ ಮೇಲೆ ನರ್ಸ್ ಹೊದಿಕೆಗಳನ್ನು ಒಣಹಾಕುತ್ತಿದ್ದಳು. ತಾರಸಿಯ ಹಿಂಬದಿಗೆ ಕಾಂಪೌಂಡು, ಕಾಂಪೌಂಡಿನಾಚೆ ಹಳ್ಳಿಗೆ ಹೋಗುವ ಮಣ್ಣಿನ ರಸ್ತೆ. ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ತಲೆಯೆತ್ತಿ ನರ್ಸಿನೊಂದಿಗೆ ಮಾತಾಡುತ್ತಿದ್ದಳು, ಇಬ್ಬರೂ ಕೈ ಬೀಸಿ ಬೀಸಿ ನಗುತ್ತಿದ್ದರು. ವಾಣಿಶ್ರೀ ಸ್ವಲ್ಪ ಹೊತ್ತು ಅದನ್ನೇ ನೋಡಿ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಡಾಕ್ಟರಮ್ಮ ಯೋಚಿಸಿ, “ಬಯಲಲ್ಲಿ, ಅಷ್ಟು ದೂರದಿಂದ, ಮಾಸ್ಕ್ ಹಾಕ್ಕೊಂಡು ಅಂದ್ರೆ ತೊಂದ್ರೆ ಇಲ್ಲ ಬಿಡಿ. ಆದ್ರೆ ನಿನ್ನೆಯಿಂದ ಜ್ವರ ಇಲ್ದೇ ಇರೋರು ಮಾತ್ರ ಮೆಟ್ಲು ಹತ್ಲಿ. ಉಳಿದೋರು ಮಲಗಿರ್ಲಿ,” ಎಂದರು. ಧನ್ಯಾ ಆ ಮಾತಿನ ಯಾವ ಕಡೆ ಇದ್ದಾಳೆ ಎಂದು ಕೇಳಲು ವಾಣಿಶ್ರೀಗೆ ಬಾಯಿ ಬರಲಿಲ್ಲ. ನರ್ಸನ್ನು ಕೇಳಬಹುದಿತ್ತು. ನಿನ್ನೆ ಬೆಳಿಗ್ಗೆ ಕೇಳಿದಾಗ ಇನ್ನೂ ಸ್ವಲ್ಪ ಇದೆ ಮೇಡಂ, ಕೆಮ್ಮೂ ಇದೆ ಎಂದಿದ್ದಳು. ಇವತ್ತು ಕೇಳಿ ಇದೆ ಎಂದುಬಿಟ್ಟರೆ? ಅಥವಾ ನೀವು ಹೇಳಿದರೆ ಬಿಡುತ್ತೇನೆ ಎಂದರೆ? ಎರಡನ್ನೂ ಎದುರಿಸುವ ಧೈರ್ಯ ಅವಳಿಗಿರಲಿಲ್ಲ. ಯಾರು ಹತ್ತಬೇಕೆಂಬುದು ನಿನಗೆ ಬಿಟ್ಟದ್ದು, ನನ್ನನ್ನು ಕೇಳಬೇಡ ಎಂದಷ್ಟೇ ನರ್ಸಿಗೆ ಹೇಳಿದಳು.

ನಿರ್ದೇಶಕರ ಒಪ್ಪಿಗೆಯೂ ಬೇಕಿತ್ತು. ಫೋನಿನಲ್ಲಿ ನಾಗರಾಜಪ್ಪನವರ ಗಂಟಲು ಬಿದ್ದುಹೋಗಿತ್ತು, ಉತ್ಸಾಹ ಬಿದ್ದಿರಲಿಲ್ಲ. “ಮಾಡ್ರಿ, ಮಾಡ್ರಿ. ವಿಶ್ವವಿದ್ಯಾಲಯದ ವತಿಯಿಂದ ದರ್ಶನ ವ್ಯವಸ್ಥೆ ಅಂತ ಒಂದು ಸುತ್ತೋಲೆ...” ಎಂದು ಕೆಮ್ಮಿ, ಸುಧಾರಿಸಿಕೊಂಡು, ದನಿ ತಗ್ಗಿಸಿ, “ನಮ್ಮ ರಾಜೇಶ್ವರಮ್ಮಗೂ ತಿಳಿಸಿಬಿಡ್ರಿ. ದಿನಾ ಕಷಾಯ ಕಳಿಸ್ತಾಳೆ. ಒಂದ್ಸಲ ಮುಖ ನೋಡಿದ್ರೆ ಆ ಕಷಾಯ ಬೇಡ ಅಂತಾದ್ರೂ ಹೇಳ್ಬಹುದು,” ಎಂದರು.

ಸಂಜೆಯ ಹೊತ್ತಿಗೆ ಮಣ್ಣಿನ ರಸ್ತೆಯಲ್ಲಿ ಜಾತ್ರೆಯಲ್ಲದಿದ್ದರೂ ಒಂದು ನಿಶ್ಚಿತಾರ್ಥಕ್ಕೆ ಸೇರುವಷ್ಟು ಜನ ಸೇರಿದ್ದರು. ಸುದ್ದಿ ಹೇಗೆ ಹರಡಿತೋ, ಜ್ವರಕ್ಕಿಂತ ಬೇಗ ಹರಡಿತ್ತು. ಆಟೋಗಳು, ಬೈಕುಗಳು, ಒಂದು ಟ್ರ್ಯಾಕ್ಟರು. ಎಲ್ಲರ ಕೈಯಲ್ಲೂ ಬ್ರೆಡ್ಡು. ಸುಬ್ಬಪ್ಪ ಕಾಂಪೌಂಡಿನಾಚೆ ರಸ್ತೆಗೆ ಸುಣ್ಣದ ಗೆರೆ ಎಳೆದು, ದಾಟಬ್ಯಾಡ್ರಿ ದಾಟಬ್ಯಾಡ್ರಿ ಎಂದು ಓಡಾಡುತ್ತಿದ್ದ. ವಾಣಿಶ್ರೀ ಕ್ಯಾಂಪಸ್ಸಿನೊಳಗಿನಿಂದ ಬಂದವಳು ಕಾಂಪೌಂಡಿನ ಹಿಂಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಉಸ್ತುವಾರಿಯವಳಾಗಿ ಅವಳು ತಾರಸಿಯ ಮೇಲೆ ಇರಬಹುದಿತ್ತು, ಮೆಟ್ಟಿಲ ಬುಡದಲ್ಲಿ ಇರಬಹುದಿತ್ತು, ಧನ್ಯಾ ಹತ್ತಿ ಬರುವುದಾದರೆ ಅವಳ ಪಕ್ಕದಲ್ಲೇ ಹಾದು ಹೋಗಬೇಕಿತ್ತು. ಅವಳು ಬಾಗಿಲು ದಾಟಿ ರಸ್ತೆಗೆ ಬಂದಳು. ಇದು ನ್ಯಾಯಕ್ಕಾಗಿ ಮಾಡಿದ್ದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಇಲ್ಲಿಂದ ತಾರಸಿ ಚೆನ್ನಾಗಿ ಕಾಣುತ್ತಿತ್ತು, ಮತ್ತು ಒಬ್ಬಳೇ ನಿಂತು ಕಾಯುವುದು ಅವಳಿಂದ ಇನ್ನು ಆಗುತ್ತಿರಲಿಲ್ಲ. ನೂರುನ್ನೀಸಾ ಅವಳನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಮೊದಲು ಮೇಲೆ ಕಂಡದ್ದು ನಾಗರಾಜಪ್ಪನವರು, ಮಂಕಿ ಕ್ಯಾಪು, ಶಾಲು, ಮಾಸ್ಕು, ಮೂರೂ ಸೇರಿ ಕನ್ನಡಕ ಮಾತ್ರ ಉಳಿದಿತ್ತು. ಜ್ವರ ಬಿಟ್ಟವರ ಪೈಕಿ ತಾವೇ ಹಿರಿಯರೆಂದು ಕೈಮುಗಿದು ಎಲ್ಲರನ್ನೂ ಸ್ವಾಗತಿಸಿ ಎರಡು ಮಾತಾಡಲು ನೋಡಿದರು, ಅಷ್ಟರಲ್ಲಿ ಕೆಳಗಿನಿಂದ ರಾಜೇಶ್ವರಮ್ಮ, “ಕಷಾಯ ಕುಡಿದ್ರೇನ್ರೀ?” ಎಂದು ಕೂಗಿ ಭಾಷಣ ಅಲ್ಲಿಗೇ ನಿಂತಿತು. ಹುಡುಗರು ಒಬ್ಬೊಬ್ಬರೇ ಬಂದರು, ಹುಡುಗಿಯರು ಬಂದರು. ಮಾಸ್ಕಿನ ಮೇಲಿನ ಕಣ್ಣು ನೋಡಿಯೇ ಕೆಳಗಿನವರು ಗುರುತು ಹಿಡಿಯುತ್ತಿದ್ದರು, ಇಳಿದುಹೋಗಿದೀಯಲ್ಲೋ ಎಂದು ಕೂಗುತ್ತಿದ್ದರು, ಹಣೆ ಮುಟ್ಟುವುದೊಂದು ಬಿಟ್ಟು ಶಾಸ್ತ್ರವೆಲ್ಲ ಕ್ರಮವಾಗಿ ನಡೆಯಿತು. ಸಬ್ರೀನ್ ಬಂದಾಗ ನೂರುನ್ನೀಸಾ ಏನೂ ಕೂಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿದಳು, ಮಗಳನ್ನು ಆ ಕಡೆ ತಿರುಗು ಈ ಕಡೆ ತಿರುಗು ಎಂದು ಕೈಸನ್ನೆಯಲ್ಲೇ ತಿರುಗಿಸಿ ನೋಡಿದಳು, ಕೊನೆಗೆ, “ಕಣ್ಣು ಸರಿ ಐತ್ರೀ,” ಎಂದು ವಾಣಿಶ್ರೀಗೆ ಹೇಳಿದಳು. ವಾಣಿಶ್ರೀ ತಲೆಯಾಡಿಸಿದಳು. ಸಬ್ರೀನಳ ಹಿಂದೆ ಯಾರೂ ಇರಲಿಲ್ಲ.

ಸೊರಬದ ಬಸ್ಸಿನಿಂದ ಇಳಿದು ಶಿವರಾಮ ಏದುಸಿರು ಬಿಡುತ್ತ ಬಂದು ಸೇರಿಕೊಂಡ, ಎರಡು ಪೌಂಡ್ ಬ್ರೆಡ್ಡಿನ ಸಮೇತ. “ಎಲ್ಲಿ?” ಎಂದ. ವಾಣಿಶ್ರೀ ತಾರಸಿಯ ಬಾಗಿಲು ನೋಡಿದಳು. ಜ್ವರ ಇಳಿದಿಲ್ಲ ಎಂದಾಯಿತು. ಅಥವಾ ಇಳಿದೂ ಬರಲಿಲ್ಲ ಎಂದಾಯಿತು, ಅದು ಇನ್ನೂ ಕೆಟ್ಟದ್ದು. ಅವಳಿಗೆ ಭಯವಾಯಿತು, ಬೇರೆ ಹೆಸರು ಅದಕ್ಕಿಲ್ಲ. ಮೇಲೆ ನೋಡಲಾರದೆ ಸುಣ್ಣದ ಗೆರೆ ನೋಡುತ್ತ ನಿಂತಳು. ನೂರುನ್ನೀಸಾಳ ಮೊಣಕೈ ಅವಳ ಪಕ್ಕೆಗೆ ತಾಗಿತು.

ತಾರಸಿಯ ಬಾಗಿಲಲ್ಲಿ ಧನ್ಯಾ ನಿಂತಿದ್ದಳು. ಹೊದಿಕೆ ಸುತ್ತಿಕೊಂಡು, ಕೂದಲು ಕೆದರಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಅಪ್ಪನಿಗೆ ಕೈ ಬೀಸಿದಳು. ಆಮೇಲೆ ತಾಯಿಯನ್ನು ನೋಡಿದಳು. ತಾರಸಿಯ ಮೇಲೆಲ್ಲ ಹುಡುಕಿ, ಅಲ್ಲಿ ಕಾಣದೆ, ರಸ್ತೆಯಲ್ಲಿ ಜನರ ನಡುವೆ ಕಂಡಳೆಂಬುದು ಅವಳ ಮುಖದಿಂದಲೇ ಗೊತ್ತಾಗುತ್ತಿತ್ತು. ಕಟ್ಟೆಯ ತನಕ ನಡೆದು ಬಂದು ಎರಡೂ ಕೈ ಊರಿದಳು.

“ಅಲ್ಲಿ ಯಾಕೆ ನಿಂತಿದೀಯಾ? ನೀನು ಒಳಗೆ ಬರ್ಬಹುದಿತ್ತಲ್ಲ! ಬರ್ಲಿಲ್ಲ ಯಾಕೆ? ಕಿಟಕಿ ಗಾಜಲ್ಲಿ ಮೊನ್ನೆಯಿಂದ ನೋಡ್ತಿದೀನಿ, ಅಡುಗೆಮನೆ ಲೈಟ್ ಹಾಕ್ತೀಯ, ಆರಿಸ್ತೀಯ, ಅಲ್ಲೇ ನಿಂತಿರ್ತೀಯ. ಕಾಲು ಇಲ್ವಾ ನಿಂಗೆ? ಬಂದು ಬಾಗ್ಲಲ್ಲಿ ನಿಂತು ಮಾತಾಡ್ಸಿದ್ರೆ ನಿನ್ನ ರೂಲ್ಸು ಸವೆದು ಹೋಗ್ತಿತ್ತಾ? ಇಲ್ಲಿ ಬಿಸಿನೀರು ಬರಲ್ಲ, ಗಂಜಿಗೆ ಉಪ್ಪಿಲ್ಲ, ಸಬ್ರೀನ್ ಅಮ್ಮ ಕಳಿಸಿದ ಗಂಜಿ ಕುಡ್ಕೊಂಡು ಬದುಕಿದೀನಿ ನಾನು! ಮತ್ತೆ ಬ್ರೆಡ್ಡು! ಅಪ್ಪಾ, ಆ ಬ್ರೆಡ್ಡು ಒಳಗೆ ಕಳಿಸಿದ್ರೆ ನಾನು ಮೇಲಿಂದ ಎಸೀತೀನಿ ನೋಡು!”

ಜನ ತಿರುಗಿ ವಾಣಿಶ್ರೀಯನ್ನು ನೋಡಿದರು. ಉಸ್ತುವಾರಿಯ ಮೇಡಂ, ಗೇಟು ಮುಚ್ಚಿಸಿದವಳು, ಮಗಳ ಕೈಯಲ್ಲಿ ಎಲ್ಲರೆದುರು ಬೈಸಿಕೊಳ್ಳುತ್ತಿದ್ದಾಳೆ. ಮೇಲಿನಿಂದ ನಾಗರಾಜಪ್ಪನವರು ಬಿಸಿನೀರಿನ ವಿಷಯದಲ್ಲಿ ತಮ್ಮದೂ ಬೆಂಬಲವಿದೆ ಎಂಬಂತೆ ತಲೆಯಾಡಿಸಿದರು. ಶಿವ‌ರಾಮ ಬ್ರೆಡ್ಡನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ವಾಣಿಶ್ರೀ ಮಾತ್ರ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಪ್ರತಿ ಮಾತು ಮುಗಿದಲ್ಲೂ ಈಗ ಬರುತ್ತದೆ, ಈಗ ಕೆಮ್ಮು ಬರುತ್ತದೆ ಎಂದು ಕಾದಳು. ಬರಲಿಲ್ಲ. ಇಷ್ಟು ಉದ್ದದ ಬೈಗುಳ, ಇಷ್ಟು ಎತ್ತರದ ದನಿ, ಕಾಂಪೌಂಡು ದಾಟಿ ರಸ್ತೆ ದಾಟಿ ಆಚೆಯ ಗದ್ದೆಯವರೂ ತಲೆಯೆತ್ತುವಂಥ ದನಿ, ಮಧ್ಯೆ ಒಂದು ಸಲವೂ ಕೆಮ್ಮಲಿಲ್ಲ. ನಗು ಅವಳ ಹೊಟ್ಟೆಯಿಂದ ಎದ್ದು ಬಂತು, ತಡೆಯಲು ಮನಸ್ಸಾಗಲಿಲ್ಲ, ಮಾಸ್ಕಿನೊಳಗೇ ನಕ್ಕಳು, ಕಣ್ಣಲ್ಲಿ ನೀರು ಬಂತು.

“ಗಂಟ್ಲು ಬಿಟ್ಟೈತೆ ನೋಡ್ರಿ,” ಎಂದಳು ನೂರುನ್ನೀಸಾ, ತೃಪ್ತಿಯಿಂದ.

“ಇನ್ನೂ ಇದ್ರೆ ಹೇಳೇ!” ಎಂದು ವಾಣಿಶ್ರೀ ರಸ್ತೆಯಿಂದ ಕೂಗಿದಳು.

ಇತ್ತು. ಧನ್ಯಾ ಹೊದಿಕೆ ಸರಿಮಾಡಿಕೊಂಡು ಮುಂದುವರಿಸಿದಳು.